ಗೊರಕೆಗೂ ಒಂದು ಚರಿತ್ರೆಯುಂಟು

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು ನನ್ನ ತಲೆದಿಂಬಿನ ಪಕ್ಕದಲ್ಲಿದ್ದ ನೀಲಿ ಬಣ್ಣದ ಪುಟ್ಟ ಡಬ್ಬಿಯನ್ನು ತೆರೆದು ನೋಡಿ, "ತಾತನಿಗೆ ಹಲ್ಲು ಸೆಟ್ ಬಂದಿದೆ" ಎಂದು ಮನೆಯೆಲ್ಲ ಡಂಗುರ ಸಾರಿಬಿಟ್ಟಳು. ಹಬ್ಬಕ್ಕೆ ಸೇರಿದ್ದ ನೆಂಟರೆಲ್ಲ ನನ್ನ ಬಾಯಿಯನ್ನೇ ನೋಡತೊಡಗಿದರು. ದೇವರ ದಯೆಯಿಂದ ಒಂದೆರಡನ್ನು ಬಿಟ್ಟರೆ ನನ್ನ ಹಲ್ಲುಗಳು ಇನ್ನೂ ನನ್ನವೇ. ಆ ಡಬ್ಬಿಯಲ್ಲಿರುವುದು ಹಲ್ಲಲ್ಲ, ನಿದ್ರೆ. ಹಾಗೆಂದು ಹೇಳಿದಾಗ ಮಗು ನಕ್ಕಿತು, ದೊಡ್ಡವರು ಇನ್ನೂ ಗಟ್ಟಿಯಾಗಿ ನಕ್ಕರು. ಅಂದು ಬಿಡಿಸಿ ಹೇಳಲಾಗದ ಸಂಗತಿಯನ್ನು ಇಂದು ಸಾವಕಾಶವಾಗಿ ಬರೆಯಲು ಕುಳಿತಿದ್ದೇನೆ.

ಅದೊಂದು ದಂತಸಾಧನ. ಪಾರದರ್ಶಕ ಪ್ಲಾಸ್ಟಿಕ್ಕಿನಿಂದ ಮಾಡಿದ ಎರಡು ತಟ್ಟೆಗಳು. ಒಂದು ಮೇಲಿನ ಹಲ್ಲುಸಾಲಿಗೆ, ಇನ್ನೊಂದು ಕೆಳಗಿನದಕ್ಕೆ ಟೋಪಿಯಂತೆ ಕೂರುತ್ತದೆ. ಎರಡನ್ನೂ ಜೋಡಿಸುವ ಚಿಕ್ಕ ತಿರುಪುಗಳು ಕೆಳದವಡೆಯನ್ನು ಕೆಲವು ಮಿಲಿಮೀಟರಿನಷ್ಟು ಮುಂದಕ್ಕೆ ಹಿಡಿದು ನಿಲ್ಲಿಸುತ್ತವೆ. ಅದರ ಕೆಲಸವೆಲ್ಲ ಇಷ್ಟೇ. ಆದರೆ ಈ ಕೆಲವು ಮಿಲಿಮೀಟರುಗಳ ಹಿಂದೆ ನೂರೈವತ್ತು ವರ್ಷಗಳ ಚರಿತ್ರೆಯಿದೆ. ಮೂರು ದಶಕಕ್ಕೂ ಮಿಗಿಲಾಗಿ ಸಮಾಜ ಪಾಠ ಹೇಳಿದವನಿಗೆ ಚರಿತ್ರೆ ಎಂದರೆ ಸುಮ್ಮನಿರಲಾದೀತೆ? ಇದರ ಕೊನೆಯಲ್ಲಿ ನನ್ನದೇ ಒಂದು ತಪ್ಪನ್ನೂ ಹೇಳಿಕೊಳ್ಳಬೇಕಾಗಿದೆ. ಆದ್ದರಿಂದ ನನ್ನ ವಿದ್ಯಾರ್ಥಿಗಳು ದಯಮಾಡಿ ಕೊನೆಯವರೆಗೂ ಓದಬೇಕೆಂದು ಕೋರುತ್ತೇನೆ.

ಮತ್ತೋಡಿನ ನಮ್ಮ ಹಳೆಯ ಮನೆಯಲ್ಲಿ ಬೇಸಿಗೆಯ ರಾತ್ರಿ ಗಂಡಸರೆಲ್ಲ ಜಗಲಿಯ ಮೇಲೆ ಸಾಲಾಗಿ ಮಲಗುತ್ತಿದ್ದರು. ಯಾರದು ಗರಗಸ, ಯಾರದು ಹಿಟ್ಟಿನ ಗಿರಣಿ ಎಂದು ನಾವು ಹುಡುಗರು ಗೊರಕೆಗಳಿಗೆ ಹೆಸರಿಟ್ಟು ಕಂಬಳಿಯೊಳಗೆ ನಗುತ್ತಿದ್ದೆವು. ನಮ್ಮ ತಂದೆಯವರ ಗೊರಕೆಯ ರೀತಿಯೇ ಬೇರೆ. ಏರುತ್ತ ಏರುತ್ತ ಹೋಗಿ ಒಮ್ಮೆಲೇ ನಿಂತುಬಿಡುತ್ತಿತ್ತು. ಉಸಿರಿಲ್ಲ, ಸದ್ದಿಲ್ಲ. ಆಮೇಲೆ ನೀರಿನಲ್ಲಿ ಮುಳುಗಿದವನು ಮೇಲೆ ಬಂದಂತೆ ದೊಡ್ಡದಾಗಿ ಉಸಿರೆಳೆದು ಮತ್ತೆ ಮೊದಲಿನಿಂದ ಪ್ರಾರಂಭ. ನಮ್ಮ ತಾಯಿ ಒಳಗಿನಿಂದ ಎದ್ದು ಬಂದು ಅವರ ಭುಜ ತಟ್ಟಿ, "ಮಗ್ಗುಲಾಗಿ" ಎಂದು ಹೇಳಿ ಹೋಗುತ್ತಿದ್ದಳು. ಆಕೆ ಎಷ್ಟು ರಾತ್ರಿ ಹಾಗೆ ಎದ್ದು ಬಂದಳೋ ಲೆಕ್ಕವಿಟ್ಟವರಿಲ್ಲ. ತಂದೆಯವರು ಐವತ್ತೆಂಟರ ವಯಸ್ಸಿನಲ್ಲಿ ಒಂದು ಬೆಳಗಿನ ಜಾವ ನಿದ್ರೆಯಲ್ಲೇ ತೀರಿಕೊಂಡರು. "ಪುಣ್ಯಾತ್ಮ, ಸುಖದ ಸಾವು" ಎಂದು ಊರಿನವರು ಕೈಮುಗಿದರು. ನಾವೂ ಹಾಗೆಂದೇ ನಂಬಿ ಸಮಾಧಾನಪಟ್ಟೆವು.

ಗೊರಕೆಯನ್ನು ಸುಖನಿದ್ರೆಯ ಗುರುತೆಂದು ಎಣಿಸುವುದು, ಇಲ್ಲವೇ ನಗೆಯ ವಸ್ತುವಾಗಿಸುವುದು ನಮ್ಮಲ್ಲಿ ಬಹಳ ಹಳೆಯ ರೂಢಿ. ಕುಂಭಕರ್ಣನನ್ನು ನೋಡಿ. ವಾಲ್ಮೀಕಿ ರಾಮಾಯಣದ ಯುದ್ಧಕಾಂಡದಲ್ಲಿ ಅವನನ್ನು ಎಬ್ಬಿಸಲು ಹೋದ ರಾಕ್ಷಸರು ಅವನ ಉಸಿರಿನ ಗಾಳಿಗೇ ತತ್ತರಿಸುತ್ತಾರೆ. ಅವನಿಗೆ ಆ ನಿದ್ರೆ ಬಂದ ಬಗೆಯನ್ನು ಉತ್ತರಕಾಂಡ ಹೇಳುತ್ತದೆ. ಬ್ರಹ್ಮನಲ್ಲಿ ವರ ಕೇಳುವ ಹೊತ್ತಿಗೆ ಸರಸ್ವತಿ ಅವನ ಬಾಯಿಯನ್ನು ಹೊಕ್ಕಳು, ಅವನು ನಿದ್ರೆಯನ್ನೇ ಬೇಡಿದನು. ಹರಿಕಥೆ ದಾಸರು ಇದನ್ನು ನಾಲಗೆ ಹೊರಳಿ ಆದ ಎಡವಟ್ಟೆಂದೇ ರಂಜಿಸಿ ಹೇಳುತ್ತಿದ್ದರು. ಅವನ ಕೇಡಿಗೆ ಕಾರಣವಾದದ್ದು ನಾಲಗೆ ಎಂಬ ಮಾತನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಇನ್ನು ನನ್ನ ವಿಷಯ. ನಿವೃತ್ತಿಯ ಹಿಂದುಮುಂದಿನ ವರ್ಷಗಳಲ್ಲಿ ನನಗೆ ಹಗಲಿನಲ್ಲಿ ತೂಕಡಿಕೆ ಹೆಚ್ಚಾಯಿತು. ಪತ್ರಿಕೆ ಹಿಡಿದರೆ ಎರಡನೆಯ ಪುಟಕ್ಕೆ ಕಣ್ಣು ಮುಚ್ಚುತ್ತಿತ್ತು. ಹೊಸದುರ್ಗದ ಬಸ್ಸಿನಲ್ಲಿ ಕುಳಿತವನು ಇಳಿಯುವ ಜಾಗ ದಾಟಿ ಹೋದದ್ದೂ ಉಂಟು. ಬೆಳಗ್ಗೆ ಏಳುವಾಗಲೇ ತಲೆಭಾರ. ರಕ್ತದೊತ್ತಡ ಎರಡು ಮಾತ್ರೆಗೂ ಬಗ್ಗಲಿಲ್ಲ. ಮೊದಲು ಕಂಡ ವೈದ್ಯರು "ವಯಸ್ಸಾಯಿತಲ್ಲ ಮೇಷ್ಟ್ರೇ" ಎಂದು ಕಳುಹಿಸಿಬಿಟ್ಟರು. ಒಂದು ರಾತ್ರಿ ನನ್ನ ಹೆಂಡತಿ ಗಡಿಯಾರ ಹಿಡಿದು ಕುಳಿತು ನಾನು ಉಸಿರು ನಿಲ್ಲಿಸಿದ್ದನ್ನು ಎಣಿಸಿ, ಮಗನ ಹಳೆಯ ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತ ಹೋದಳು. ಬೆಳಗ್ಗೆ ಆ ಪುಟ ನೋಡಿದಾಗ ನನಗೆ ತಂದೆಯವರ ನೆನಪಾಯಿತು. ಮಗನ ಒತ್ತಾಯಕ್ಕೆ ದಾವಣಗೆರೆಯಲ್ಲಿ ನಿದ್ರಾಪರೀಕ್ಷೆ ಮಾಡಿಸಿದೆವು. ಗಂಟೆಗೆ 21 ಬಾರಿ ನನ್ನ ಉಸಿರಿಗೆ ತಡೆಯಾಗುತ್ತಿದೆ ಎಂದು ವರದಿ ಬಂತು. ಹೆಂಡತಿಯ ಗೀಟುಗಳ ಲೆಕ್ಕ ಅದಕ್ಕೆ ಬಹಳ ದೂರವೇನೂ ಇರಲಿಲ್ಲ.

ಈ ಕಾಯಿಲೆಗೆ ಸ್ಲೀಪ್ ಅಪ್ನಿಯಾ ಎಂದು ಹೆಸರು. ಕನ್ನಡದಲ್ಲಿ ನಿದ್ರಾ ಶ್ವಾಸಸ್ತಂಭನ ಎನ್ನಬಹುದು. ಎಚ್ಚರವಿದ್ದಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ಉಸಿರಿನ ದಾರಿಯನ್ನು ತೆರೆದಿಡುತ್ತವೆ. ನಿದ್ರೆಯಲ್ಲಿ ಅವು ಸಡಿಲವಾಗುತ್ತವೆ. ಅಂಗಾತ ಮಲಗಿದಾಗ ನಾಲಗೆಯ ಬುಡವೂ ಕಿರುನಾಲಗೆಯ ಸುತ್ತಲಿನ ಮೃದುಭಾಗವೂ ಹಿಂದಕ್ಕೆ ಜಾರುತ್ತವೆ. ದಾರಿ ಕಿರಿದಾದರೆ ಗೊರಕೆ, ಪೂರ್ತಿ ಮುಚ್ಚಿದರೆ ಸ್ತಬ್ಧತೆ. ಎದೆ ಏರಿಳಿಯುತ್ತಲೇ ಇರುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದ ಆಮ್ಲಜನಕ ಇಳಿಯುತ್ತದೆ. ಆಗ ಮಿದುಳು ಕ್ಷಣಕಾಲ ಎಚ್ಚೆತ್ತು ಗಂಟಲನ್ನು ಬಿಗಿಗೊಳಿಸುತ್ತದೆ. ಒಂದು ದೊಡ್ಡ ಉಸಿರು, ಮತ್ತೆ ನಿದ್ರೆ. ಕನಿಷ್ಠ ಹತ್ತು ಸೆಕೆಂಡಿನ ಇಂಥ ತಡೆ ಗಂಟೆಗೆ 5ರಿಂದ 15 ಬಾರಿಯಾದರೆ ಸೌಮ್ಯ, 30ರವರೆಗೆ ಮಧ್ಯಮ, ಅದರ ಮೇಲೆ ತೀವ್ರ ಎಂದು ಲೆಕ್ಕ. ಮಲಗಿದವನಿಗೆ ಇದಾವುದೂ ನೆನಪಿರುವುದಿಲ್ಲ. ಎಂಟು ಗಂಟೆ ಹಾಸಿಗೆಯಲ್ಲಿದ್ದವನು ನಿದ್ರೆಗೆಟ್ಟವನಾಗಿಯೇ ಏಳುತ್ತಾನೆ. ವರ್ಷಗಟ್ಟಲೆ ಹೀಗಾದರೆ ರಕ್ತದೊತ್ತಡ, ಹೃದಯದ ತೊಂದರೆ, ಲಕ್ವ ಇವುಗಳ ಸಂಭವ ಹೆಚ್ಚುತ್ತದೆ. ವಾಹನ ನಡೆಸುವವನಾದರೆ ದಾರಿಯಲ್ಲಿ ಹೋಗುವವರಿಗೂ ಅಪಾಯ.

ಈಗ ಚರಿತ್ರೆಗೆ ಬರೋಣ. ವೇದಾ, ಅವತಿ ಎಂಬ ಎರಡು ಹೊಳೆಗಳು ಕಡೂರಿನ ಸೀಮೆಯಲ್ಲಿ ಕೂಡಿ ವೇದಾವತಿಯಾಗಿ ನಮ್ಮ ಹೊಸದುರ್ಗದ ಕಡೆ ಹರಿದುಬರುವುದನ್ನು ನಿಮಗೆ ಭೂಗೋಳದಲ್ಲಿ ಹೇಳಿಕೊಟ್ಟಿದ್ದೇನೆ. ಈ ಕಥೆಯೂ ಹಾಗೆಯೇ. ಒಂದು ಕಾಯಿಲೆಯ ಹೊಳೆ, ಇನ್ನೊಂದು ದವಡೆಯ ಹೊಳೆ. ಬಹುಕಾಲ ಒಂದನ್ನೊಂದು ಅರಿಯದೆ ಹರಿದವು.

ಮೊದಲು ಕಾಯಿಲೆಯ ಹೊಳೆ. ಚಾರ್ಲ್ಸ್ ಡಿಕನ್ಸ್ 1836-37ರಲ್ಲಿ ಕಂತುಕಂತಾಗಿ ಪ್ರಕಟಿಸಿದ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯಲ್ಲಿ ಜೋ ಎಂಬ ಸ್ಥೂಲಕಾಯದ ಹುಡುಗನೊಬ್ಬನಿದ್ದಾನೆ. ಊಟ ಬಡಿಸುತ್ತಲೇ ನಿದ್ರೆ, ಬಾಗಿಲು ತಟ್ಟುತ್ತಲೇ ನಿದ್ರೆ, ನಿದ್ರೆಯೊಡನೆ ಗೊರಕೆ. ಓದುಗರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ರೋಗವೊಂದರ ಇಷ್ಟು ನಿಖರವಾದ ಚಿತ್ರ ವೈದ್ಯಗ್ರಂಥಕ್ಕಿಂತ ಮೊದಲು ನಗೆಯ ಕಾದಂಬರಿಯಲ್ಲಿ ಬಂತು. 1877ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಬ್ರಾಡ್‌ಬೆಂಟ್ 'ಲ್ಯಾನ್ಸೆಟ್' ಪತ್ರಿಕೆಯ ಲೇಖನವೊಂದರಲ್ಲಿ, ವಯಸ್ಸಾದವರು ಅಂಗಾತ ಮಲಗಿ ಜೋರಾಗಿ ಗೊರಕೆ ಹೊಡೆಯುವಾಗ ನಡುನಡುವೆ ಉಸಿರು ಗಂಟಲಿನ ತಡೆಯನ್ನು ದಾಟಲಾರದೆ ನಿಲ್ಲುವುದನ್ನು ಸ್ಪಷ್ಟವಾಗಿ ಬರೆದ. ನಮ್ಮ ತಾಯಿ ಜಗಲಿಯ ಮೇಲೆ ಕಂಡದ್ದು ಅದನ್ನೇ. ಆದರೆ ಆತನ ಲೇಖನದ ಮುಖ್ಯ ವಿಷಯ ಮಿದುಳಿನ ರಕ್ತಸ್ರಾವ. ಗೊರಕೆಯ ಮಾತು ಬದಿಗೆ ಉಳಿಯಿತು.

ಮುಂದೆ 1956ರಲ್ಲಿ ಬಾಸ್ಟನ್ನಿನ ಬರ್ವೆಲ್ ಮತ್ತು ಸಂಗಡಿಗರು ಸುಮಾರು 120 ಕಿಲೋ ತೂಕದ ವ್ಯವಹಾರಸ್ಥನೊಬ್ಬನ ವೃತ್ತಾಂತ ಪ್ರಕಟಿಸಿದರು. ಇಸ್ಪೀಟಾಟದಲ್ಲಿ ಮೂರು ಎಕ್ಕ, ಎರಡು ರಾಜ ಕೈಗೆ ಬಂದಿದ್ದರೂ ಅವನು ಎಲೆ ಹಿಡಿದುಕೊಂಡೇ ನಿದ್ರೆಹೋಗಿ ಆ ಆಟದ ಲಾಭ ಕಳೆದುಕೊಂಡ. ಹೀಗಾದ ಮೇಲೆಯೇ ಅವನು ಆಸ್ಪತ್ರೆಗೆ ಬಂದದ್ದು. ವೈದ್ಯರು ಡಿಕನ್ಸನನ್ನು ನೆನೆದು ಈ ಸ್ಥಿತಿಗೆ ಪಿಕ್‌ವಿಕ್ ಹೆಸರನ್ನೇ ಇಟ್ಟರು. ಆದರೆ ಬೊಜ್ಜಿನ ಭಾರದಿಂದ ಉಸಿರಾಟ ಕುಗ್ಗಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿ ಮಂಪರು ಬರುತ್ತದೆ ಎಂದು ತಿಳಿದರು. ರಾತ್ರಿ ಅವನ ನಿದ್ರೆಯಲ್ಲಿ ಏನಾಗುತ್ತದೆಂದು ನೋಡಿದವರಿಲ್ಲ.

ನೋಡಿದವರು 1965ರಲ್ಲಿ ಬಂದರು. ಫ್ರಾನ್ಸಿನ ಮಾರ್ಸೇಯಲ್ಲಿ ಗಾಸ್ಟೋ ಮತ್ತು ಸಹೋದ್ಯೋಗಿಗಳು, ಜರ್ಮನಿಯ ಫ್ರೈಬುರ್ಗ್‌ನಲ್ಲಿ ಯುಂಗ್ ಮತ್ತು ಕೂಲೋ ಎಂಬಿಬ್ಬರು, ಬೇರೆಬೇರೆಯಾಗಿ, ಇಂಥ ರೋಗಿಗಳ ಮಿದುಳಿನ ಅಲೆಗಳನ್ನೂ ಉಸಿರನ್ನೂ ರಾತ್ರಿಯಿಡೀ ಒಟ್ಟಿಗೆ ದಾಖಲಿಸಿದರು. ಉಸಿರು ನೂರಾರು ಬಾರಿ ನಿಲ್ಲುತ್ತದೆ, ನಿಂತಾಗಲೆಲ್ಲ ಮಿದುಳು ಎಚ್ಚರಗೊಳ್ಳುತ್ತದೆ ಎಂಬುದು ಕಾಗದದ ಮೇಲೆ ಗೆರೆಯಾಗಿ ಮೂಡಿತು. ಇಟಲಿಯ ಬೊಲೊನ್ಯಾದ ಲುಗಾರೆಸಿ ಈ ಕೆಲಸವನ್ನು ಮುಂದುವರಿಸಿದ. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಗಿಯೆಮಿನೋ ಮತ್ತು ಜೊತೆಗಾರರು 1976ರಲ್ಲಿ ಸ್ಲೀಪ್ ಅಪ್ನಿಯಾ ಸಿಂಡ್ರೋಮ್ ಎಂಬ ಹೆಸರಿನಡಿ ಎಲ್ಲವನ್ನೂ ಕ್ರೋಢೀಕರಿಸಿದರು. ತೆಳ್ಳಗಿನವರಿಗೂ ಇದು ಬರುತ್ತದೆ ಎಂಬುದೂ ಖಚಿತವಾಯಿತು. ನಾನಂತೂ ತೆಳ್ಳಗಿನವನೇ. ನನ್ನ ದೋಷವಿರುವುದು ತುಸು ಹಿಂದಕ್ಕೆ ಸರಿದ ಗದ್ದದಲ್ಲಿ. ಅದು ನಮ್ಮ ತಂದೆಯವರ ಗದ್ದ.

ಕಾಯಿಲೆ ತಿಳಿದರೂ ಮದ್ದು ಸುಲಭವಾಗಿರಲಿಲ್ಲ. ಕತ್ತಿನಲ್ಲಿ ರಂಧ್ರ ಕೊರೆದು ಶ್ವಾಸನಾಳಕ್ಕೆ ಕೊಳವೆ ಇಡುವ ಶಸ್ತ್ರಚಿಕಿತ್ಸೆಯೇ 1969ರಿಂದ ಮುಂದಿನ ಒಂದು ದಶಕದ ಪ್ರಮುಖ ಉಪಾಯ. ಗುಣವೇನೋ ಆಗುತ್ತಿತ್ತು. ಆದರೆ ಕತ್ತಿನಲ್ಲಿ ತೂತಿಟ್ಟುಕೊಂಡು ಬಾಳಲು ಯಾರು ಒಪ್ಪುತ್ತಾರೆ? ಆಸ್ಟ್ರೇಲಿಯದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯ ಮೂಗಿಗೆ ಮುಖವಾಡ ಹಾಕಿ, ಗಾಳಿಯನ್ನು ಹದವಾದ ಒತ್ತಡದಲ್ಲಿ ನಿರಂತರವಾಗಿ ಊದಿ ಗಂಟಲು ಮುಚ್ಚದಂತೆ ಮಾಡಿದ. ಐವರು ರೋಗಿಗಳ ಫಲಿತಾಂಶ 1981ರಲ್ಲಿ ಪ್ರಕಟವಾಯಿತು. ಈಗ ಸಿಪ್ಯಾಪ್ ಎಂದು ಕರೆಯುವ ಯಂತ್ರದ ಮೂಲ ಇದೇ. ಇಂದಿಗೂ ತೀವ್ರ ಕಾಯಿಲೆಗೆ ಮೊದಲ ಚಿಕಿತ್ಸೆ ಅದೇ. ನಾನೂ ಅದನ್ನೇ ಮೊದಲು ಪ್ರಯತ್ನಿಸಿದೆ. ಮುಖವಾಡ ಕಟ್ಟಿಕೊಂಡರೆ ನನಗೆ ಉಸಿರುಗಟ್ಟಿದಂತಾಗುತ್ತಿತ್ತು, ನಿದ್ರೆಗಣ್ಣಿನಲ್ಲಿ ಕಿತ್ತೆಸೆಯುತ್ತಿದ್ದೆ. ನಮ್ಮ ಹಳ್ಳಿಯ ಕಡೆ ನಡುರಾತ್ರಿ ಕರೆಂಟ್ ಹೋದರಂತೂ ಯಂತ್ರಕ್ಕೂ ನಿದ್ರೆ.

ಇನ್ನು ದವಡೆಯ ಹೊಳೆ. ಕ್ಲೋರೋಫಾರಂ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಜ್ಞೆ ತಪ್ಪಿದ ರೋಗಿಯ ನಾಲಗೆ ಹಿಂದಕ್ಕೆ ಬಿದ್ದು ಉಸಿರುಗಟ್ಟುವುದು ದೊಡ್ಡ ಗಂಡಾಂತರವಾಗಿತ್ತು. 1870ರ ದಶಕದಲ್ಲಿ ನಾರ್ವೆಯ ಹೈಬರ್ಗ್, ಜರ್ಮನಿಯ ಸೇನಾ ಶಸ್ತ್ರವೈದ್ಯ ಎಸ್ಮಾರ್ಖ್ ಇವರು ಸುಲಭೋಪಾಯವನ್ನು ಪ್ರಚುರಪಡಿಸಿದರು. ಕೆಳದವಡೆಯ ಎರಡೂ ಮೂಲೆಗಳನ್ನು ಬೆರಳಿನಿಂದ ಹಿಡಿದು ಮುಂದಕ್ಕೆ ಎತ್ತುವುದು. ನಾಲಗೆಯ ಬುಡ ದವಡೆಗೆ ಅಂಟಿಕೊಂಡಿರುವುದರಿಂದ ದವಡೆ ಮುಂದೆ ಬಂದರೆ ನಾಲಗೆಯೂ ಬರುತ್ತದೆ, ದಾರಿ ತೆರೆಯುತ್ತದೆ. ನಮ್ಮ ನೆರೆಯ ಹೈದರಾಬಾದಿನಲ್ಲಿ ನಿಜಾಮರ ಹಣದಿಂದ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರಂ ಆಯೋಗಗಳೇ ನಡೆದವು. ಎಡ್ವರ್ಡ್ ಲಾರಿ ಅದರ ಮುಂದಾಳು. ನಾಡಿಗಿಂತ ಉಸಿರಿನ ಮೇಲೆ ಕಣ್ಣಿಡಿ ಎಂಬುದು ಅವರ ನಿರ್ಣಯ. ಕ್ಲೋರೋಫಾರಂ ಹೃದಯವನ್ನೂ ನಿಲ್ಲಿಸಬಲ್ಲದೆಂದು ಆಮೇಲೆ ತಿಳಿದುಬಂದುದರಿಂದ ಆ ನಿರ್ಣಯ ಅರ್ಧಸತ್ಯವೇ. ಆದರೂ ಉಸಿರನ್ನು ಕಾಯಬೇಕೆಂಬ ಪಾಠ ಉಳಿಯಿತು.

ಇಲ್ಲೊಂದು ಮಾತು. ಶಾಲೆಯಲ್ಲಿ ಸ್ಕೌಟ್ ಹುಡುಗರಿಗೆ ಪ್ರಥಮ ಚಿಕಿತ್ಸೆ ಹೇಳಿಕೊಡುವಾಗ, ಮೂರ್ಛೆ ಹೋದವನ ಗದ್ದವನ್ನು ಮೇಲೆತ್ತಿ ನಾಲಗೆ ಹಿಂದೆ ಬೀಳದಂತೆ ನೋಡಿಕೊಳ್ಳಬೇಕೆಂದು ಎಷ್ಟು ವರ್ಷ ಬೋಧಿಸಿದ್ದೇನೆ! ನಿಮ್ಮಲ್ಲಿ ಹಲವರು ಬೆಂಚಿನ ಮೇಲೆ ಮೂರ್ಛೆ ಹೋದಂತೆ ನಟಿಸಿದವರೇ. ಮೂರ್ಛೆಯಲ್ಲಿ ಆಗುವುದು ನಿದ್ರೆಯಲ್ಲಿಯೂ ಆದೀತೆಂದು ನನಗೆ ಒಮ್ಮೆಯೂ ಹೊಳೆಯಲಿಲ್ಲ.

ಹಾಗೆ ಹೊಳೆದವನು ಪ್ಯಾರಿಸ್ಸಿನ ದಂತವೈದ್ಯ ಪಿಯೇರ್ ರೋಬಿನ್. ಹುಟ್ಟುವಾಗಲೇ ಕೆಳದವಡೆ ಚಿಕ್ಕದಾಗಿದ್ದ ಕೂಸುಗಳು ಹಾಲು ಕುಡಿಯಲಾರದೆ, ಉಸಿರಾಡಲಾರದೆ ಬಳಲುವುದನ್ನು ಆತ ಗಮನಿಸಿದ. ನಾಲಗೆ ಹಿಂದಕ್ಕೆ ಬೀಳುವುದೇ ಇದರ ಮೂಲವೆಂದು 1923ರಲ್ಲಿ ವಿವರಿಸಿದ. ಆ ಸ್ಥಿತಿಗೆ ಇಂದಿಗೂ ಅವನ ಹೆಸರಿದೆ. ಅದಕ್ಕೂ ಮೊದಲು, 1902ರಲ್ಲೇ, ದವಡೆಯನ್ನು ಮುಂದೆ ಹಿಡಿಯಲು ಮೇಲಿನ ಮತ್ತು ಕೆಳಗಿನ ಹಲ್ಲುಸಾಲುಗಳನ್ನು ಒಂದೇ ಅಚ್ಚಿನಲ್ಲಿ ಕೂರಿಸುವ 'ಮೋನೋಬ್ಲಾಕ್' ಎಂಬ ಸಾಧನ ಮಾಡಿದ್ದ. 1905ರಲ್ಲಿ ಜರ್ಮನಿಯ ಎಮಿಲ್ ಹರ್ಬ್ಸ್ಟ್ ಕೊಳವೆ ಮತ್ತು ಕಡ್ಡಿಗಳಿಂದ ದವಡೆಯನ್ನು ಮುಂದೆ ನಿಲ್ಲಿಸುವ ಮತ್ತೊಂದು ವಿನ್ಯಾಸ ತೋರಿಸಿದ. ಮಕ್ಕಳ ವಕ್ರದಂತ ಸರಿಪಡಿಸುವುದು ಅದರ ಉದ್ದೇಶ. ಹೀಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಸಾಧನ ಸಿದ್ಧವಿತ್ತು. ದಂತವೈದ್ಯರು ಹಲ್ಲು ನೋಡಿದರು, ನರವೈದ್ಯರು ಮಿದುಳು ನೋಡಿದರು. ನಡುವಿನ ಗಂಟಲಿಗೆ ವಾರಸುದಾರರಿಲ್ಲದೆ ಎಂಟು ದಶಕ ಕಳೆಯಿತು.

ಎರಡು ಹೊಳೆ ಕೂಡಿದ್ದು 1980ರ ದಶಕದಲ್ಲಿ. 1982ರಲ್ಲಿ ಶಿಕಾಗೋದ ಮನಶ್ಶಾಸ್ತ್ರಜ್ಞೆ ರೋಸಲಿಂಡ್ ಕಾರ್ಟ್‌ರೈಟ್ ಮತ್ತು ಮನೋವೈದ್ಯ ಸ್ಯಾಮೆಲ್ಸನ್, ನಾಲಗೆಯ ತುದಿಯನ್ನು ಮೃದುವಾದ ಗುಳ್ಳೆಯೊಂದರಲ್ಲಿ ಹಿಡಿದು ಮುಂದಿಡುವ ಸಾಧನದ ಫಲಿತಾಂಶ ಪ್ರಕಟಿಸಿದರು. ಕುಂಭಕರ್ಣನ ನಾಲಗೆಯನ್ನು ಕೊನೆಗೂ ಯಾರೋ ಹಿಡಿದು ನಿಲ್ಲಿಸಿದರು! 1984ರಲ್ಲಿ ಜರ್ಮನಿಯ ಮೈಯರ್-ಎವರ್ಟ್ ಮತ್ತು ಸಂಗಡಿಗರು ದವಡೆಯನ್ನು ಮುಂದಕ್ಕೆ ಹಿಡಿಯುವ ದಂತಸಾಧನದಿಂದ ಸ್ಲೀಪ್ ಅಪ್ನಿಯಾ ತಗ್ಗುವುದನ್ನು ತೋರಿಸಿದರು. ಅಲ್ಲಿ ಆ ಸಾಧನಕ್ಕೆ ಎಸ್ಮಾರ್ಖ್‌ನ ಹೆಸರೇ ಬಂತು. ಆತ ಬೆರಳಿನಿಂದ ಮಾಡಿದ್ದನ್ನು ಪ್ಲಾಸ್ಟಿಕ್ ತುಂಡು ರಾತ್ರಿಯಿಡೀ ದಣಿಯದೆ ಮಾಡುತ್ತದೆ. ನೂರು ವರ್ಷಗಳ ಬಳಿಕ ಹಳೆಯ ಗುರುವಿನ ಋಣ ನೆನೆದ ಆ ವೈದ್ಯರಿಗೆ ನಾನು ಮನಸ್ಸಿನಲ್ಲೇ ಕೈಮುಗಿದಿದ್ದೇನೆ.

1991ರಲ್ಲಿ ಅಮೆರಿಕದ ದಂತವೈದ್ಯರು ಇದಕ್ಕೆಂದೇ ಸಂಘ ಕಟ್ಟಿದರು. 1995ರಲ್ಲಿ ಅಲ್ಲಿನ ನಿದ್ರಾವೈದ್ಯರು ಮೊದಲ ಮಾರ್ಗಸೂತ್ರ ಹೊರಡಿಸಿದರು. 2006ರ ಪರಿಷ್ಕರಣೆಯಲ್ಲಿ, ಸೌಮ್ಯ ಮತ್ತು ಮಧ್ಯಮ ಕಾಯಿಲೆಯವರು ಯಂತ್ರವನ್ನು ಒಲ್ಲೆನೆಂದರೆ ಅಥವಾ ಅದು ಒಗ್ಗದಿದ್ದರೆ ದಂತಸಾಧನ ಕೊಡಬಹುದೆಂದು ಹೇಳಿದರು. 2015ರಲ್ಲಿ ಎರಡೂ ಪಂಗಡದವರು ಸೇರಿ ಜಂಟಿ ಮಾರ್ಗಸೂತ್ರ ಬರೆದರು. 2013ರಲ್ಲಿ ಸಿಡ್ನಿಯ ಸಂಶೋಧಕರು ಎರಡನ್ನೂ ತೂಗಿ ನೋಡಿದ್ದರು. ಉಸಿರಿನ ತಡೆಯನ್ನು ತಗ್ಗಿಸುವುದರಲ್ಲಿ ಯಂತ್ರವೇ ಮೇಲು. ಆದರೆ ಜನ ದಂತಸಾಧನವನ್ನು ರಾತ್ರಿ ಹೆಚ್ಚು ಹೊತ್ತು ಧರಿಸುತ್ತಿದ್ದರು. ಹೀಗಾಗಿ ಒಂದು ತಿಂಗಳ ಕೊನೆಗೆ ರಕ್ತದೊತ್ತಡದಂಥ ವಿಷಯಗಳಲ್ಲಿ ದಂತಸಾಧನ ಹಿಂದೆ ಬೀಳಲಿಲ್ಲ. ಕಪಾಟಿನಲ್ಲಿಟ್ಟ ದೊಡ್ಡ ಗ್ರಂಥಕ್ಕಿಂತ ದಿನವೂ ಓದುವ ಚಿಕ್ಕ ಪುಸ್ತಕ ಮೇಲೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನೆನಪಿರಬಹುದು.

ನಮ್ಮ ದೇಶದಲ್ಲಿಯೂ ತಜ್ಞರು ಸೇರಿ 2014ರಲ್ಲಿ ಈ ಕಾಯಿಲೆಯ ಬಗ್ಗೆ ಮಾರ್ಗಸೂತ್ರ ಸಿದ್ಧಪಡಿಸಿದರು. ಅದರಲ್ಲಿ ದಂತಸಾಧನಕ್ಕೂ ಸ್ಥಾನವಿದೆ. ಕರ್ನಾಟಕಕ್ಕೆ ದಂತವೈದ್ಯದ ಕೊರತೆಯಿಲ್ಲ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲಿ, ಮಣಿಪಾಲದ್ದು 1965ರಲ್ಲಿ, ನಮಗೆ ಹತ್ತಿರದ ದಾವಣಗೆರೆಯ ಬಾಪೂಜಿ ದಂತ ಕಾಲೇಜು 1979ರಲ್ಲಿ ಆರಂಭವಾದವು. ಚಿತ್ರದುರ್ಗದಲ್ಲಿಯೂ ದಂತ ಕಾಲೇಜುಂಟು. ಕೊರತೆಯಿರುವುದು ನಮ್ಮ ತಿಳಿವಳಿಕೆಯಲ್ಲಿ. 2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ತೀರಿಕೊಂಡಾಗ ವೈದ್ಯರು ಸ್ಲೀಪ್ ಅಪ್ನಿಯಾದ ಹೆಸರು ಹೇಳಿದರು. ಪತ್ರಿಕೆಯಲ್ಲಿ ಆ ಪದವನ್ನು ಓದಿದವರು, ಗೊರಕೆಯ ಕಾಯಿಲೆಯೂ ಉಂಟೇ ಎಂದು ನಮ್ಮೂರ ಅರಳಿಕಟ್ಟೆಯ ಮೇಲೆ ಬೆರಗಾದರು.

ನನ್ನ ಸಾಧನ ತಯಾರಾದ ಬಗೆಯನ್ನೂ ಹೇಳಬೇಕು. ಮತ್ತೋಡಿನ ಗಾಜಿನ ಬಳೆಯ ಕುಲುಮೆಗಳ ವಿಚಾರ ನಿಮಗೆ ಗೊತ್ತು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಗೂ ಬಂದು, ಸುತ್ತಲಿನ ಸೌಳು ಮಣ್ಣನ್ನೂ ಬಿಳಿಕಲ್ಲನ್ನೂ ಕರಗಿಸಿ ಬಣ್ಣಬಣ್ಣದ ಬಳೆಯ ಗಾಜು ಮಾಡುವುದನ್ನು ವಿವರವಾಗಿ ಬರೆದಿದ್ದಾನೆ. ಕುಲುಮೆಗಳು ಆರಿಹೋದರೂ ಬಳೆಗಾರರ ಕೈಚಳಕವನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಹೆಣ್ಣುಮಗಳ ಅಂಗೈಯನ್ನು ಮೆಲ್ಲಗೆ ಅದುಮಿ ನೋಡಿಯೇ ಅಳತೆ ಹೇಳಿಬಿಡುತ್ತಿದ್ದರು. ಸಡಿಲವಾದರೆ ಬಳೆ ಜಾರುತ್ತದೆ, ಬಿಗಿಯಾದರೆ ಒಡೆದು ಕೈ ಕೊಯ್ಯುತ್ತದೆ. ದಂತವೈದ್ಯೆ ನನ್ನ ಹಲ್ಲುಗಳ ಅಚ್ಚು ತೆಗೆದು, ಕೆಳದವಡೆಯನ್ನು ಎಷ್ಟು ಮುಂದೆ ಚಾಚಬಲ್ಲೆನೆಂದು ಅಳೆದಾಗ ನನಗೆ ಆ ಬಳೆಗಾರರೇ ಕಣ್ಣಮುಂದೆ ಬಂದರು. ಚಾಚಬಲ್ಲ ದೂರದ ಅರ್ಧದಷ್ಟಕ್ಕೆ ಮೊದಲು ಹೊಂದಿಸಿದರು. ಆಮೇಲೆ ವಾರವಾರ ತಿರುಪಿನಿಂದ ಸ್ವಲ್ಪಸ್ವಲ್ಪವೇ ಮುಂದೊಯ್ದರು. ಹದ ಸಿಗಲು ಎರಡು ತಿಂಗಳು ಹಿಡಿಯಿತು. ಅಂಗಡಿಯಲ್ಲಿ ಸಿಗುವ ಸಿದ್ಧವಸ್ತು ಹಾಕಿಕೊಂಡರೆ ಈ ಹದ ಬಾರದು.

ಕಷ್ಟಗಳನ್ನು ಮುಚ್ಚಿಡುವುದಿಲ್ಲ. ಮೊದಲ ವಾರಗಳಲ್ಲಿ ದಿಂಬು ಜೊಲ್ಲಿನಿಂದ ತೊಯ್ಯುತ್ತಿತ್ತು. ಬೆಳಗ್ಗೆ ದವಡೆಯ ಕೀಲು ನೋಯುತ್ತಿತ್ತು, ರೊಟ್ಟಿ ಅಗಿಯಲು ಅರ್ಧಗಂಟೆ ಕಾಯಬೇಕಾಗುತ್ತಿತ್ತು. ವರ್ಷಗಳು ಕಳೆದಂತೆ ಹಲ್ಲುಗಳ ಕಚ್ಚುವಿಕೆ ಸ್ವಲ್ಪ ಬದಲಾಗಬಹುದು. ಆದ್ದರಿಂದ ಆಗಾಗ ತೋರಿಸುತ್ತಿರಬೇಕು. ಗಟ್ಟಿಯಾದ ಹಲ್ಲುಗಳು ಸಾಕಷ್ಟಿಲ್ಲದವರಿಗೆ, ವಸಡು ಸಡಿಲವಾದವರಿಗೆ ಇದು ಹೊಂದುವುದಿಲ್ಲ. ಎಲ್ಲರಿಗೂ ಫಲಿಸುತ್ತದೆಂಬ ಖಾತರಿಯೂ ಇಲ್ಲ. ಗೊರಕೆಯ ಸದ್ದು ನಿಂತ ಮಾತ್ರಕ್ಕೆ ಕಾಯಿಲೆ ಹೋಯಿತೆಂದಲ್ಲ. ಸಾಧನ ಧರಿಸಿಯೇ ಮತ್ತೊಮ್ಮೆ ನಿದ್ರಾಪರೀಕ್ಷೆ ಮಾಡಿಸಬೇಕು. ನನ್ನದು 21ರಿಂದ 6ಕ್ಕೆ ಇಳಿಯಿತು. ಹೆಂಡತಿಯ ನೋಟ್‌ಬುಕ್ ಮತ್ತೆ ಹಾಲಿನ ಲೆಕ್ಕಕ್ಕೆ ಮರಳಿತು.

ಇಷ್ಟಾದ ಮೇಲೆ ನಾನು ಹೇಳಬೇಕೆಂದಿದ್ದ ತಪ್ಪಿನ ಮಾತು.

ಈ ಚರಿತ್ರೆಯನ್ನು ಓದುತ್ತಿದ್ದಾಗ 1889ರ ಒಂದು ಲೇಖನದ ಹೆಸರು ಕಣ್ಣಿಗೆ ಬಿತ್ತು. ವಿಲಿಯಂ ಹಿಲ್ ಎಂಬ ವೈದ್ಯ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಮಕ್ಕಳ ಹಿಂದುಳಿಯುವಿಕೆ ಮತ್ತು ದಡ್ಡತನದ ಕೆಲವು ಕಾರಣಗಳ ಬಗ್ಗೆ ಬರೆದಿದ್ದ. ಮೂಗಿನ ಹಿಂಭಾಗದಲ್ಲಿ, ಗಂಟಲಿನಲ್ಲಿ ಗ್ರಂಥಿಗಳು ಬೆಳೆದು, ಬಾಯಿಂದ ಉಸಿರಾಡುತ್ತ, ರಾತ್ರಿ ಗೊರಕೆ ಹೊಡೆಯುವ ಮಕ್ಕಳು ಶಾಲೆಯಲ್ಲಿ ಮಂಕಾಗಿ ಕಾಣುತ್ತಾರೆ, ಆ ಮಂಕು ನೀಗಬಲ್ಲದ್ದು ಎಂಬುದು ಅದರ ತಿರುಳು. ನಾನು ಬಿ.ಎಡ್. ಓದಿದಾಗ ಮಕ್ಕಳ ಮನಶ್ಶಾಸ್ತ್ರದ ದಪ್ಪ ಪುಸ್ತಕಗಳನ್ನು ಉರುಹೊಡೆದಿದ್ದೆ. ತರಗತಿಯಲ್ಲಿ ತೂಕಡಿಸುವ ಹುಡುಗನನ್ನು ಕಂಡರೆ, ರಾತ್ರಿ ಹೇಗೆ ಉಸಿರಾಡುತ್ತಾನೆಂದು ಅವನ ತಾಯಿಯನ್ನು ಕೇಳಿ ಎಂದು ಮಾತ್ರ ಯಾರೂ ಹೇಳಿಕೊಡಲಿಲ್ಲ.

1990ರ ದಶಕದಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ತೆರೆದ ಬಾಯಿ, ಒಳಗೆ ಸರಿದ ಗದ್ದ. ಎರಡನೆಯ ಪಿರಿಯಡ್ಡಿಗೇ ತೂಗುತ್ತಿದ್ದ. ಬೆಂಚಿನ ಮೇಲೆ ನಿಲ್ಲಿಸಿದೆ. ನಿಂತೇ ನಿದ್ರೆ ಮಾಡಿದ. ಒಂದು ದಿನ ರಾಮಾಯಣದ ಪ್ರಸ್ತಾಪ ಬಂದಾಗ, "ನಮ್ಮ ಕುಂಭಕರ್ಣನನ್ನು ಎಬ್ಬಿಸಲು ಡೋಲು ತರಿಸಬೇಕು" ಎಂದೆ. ತರಗತಿ ಗೊಳ್ಳೆಂದಿತು. ಆ ನಗೆ ನನಗೂ ಹಿತವಾಗಿತ್ತು, ಸುಳ್ಳೇಕೆ ಹೇಳಲಿ? ಅಂದಿನಿಂದ ಅವನಿಗೆ ಅದೇ ಹೆಸರಾಯಿತು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ವಿಷಯ ಹೋಯಿತು, ಮತ್ತೆ ಕಟ್ಟಲಿಲ್ಲ.

ಕಳೆದ ವರ್ಷ ಹೊಸದುರ್ಗದ ಬಸ್ ನಿಲ್ದಾಣದಲ್ಲಿ ಅವನೇ ಬಂದು ಕಾಲಿಗೆರಗಿದ. ಕೊಬ್ಬರಿ ವ್ಯಾಪಾರದಲ್ಲಿ ಒಂದು ಹಿಡಿ ಸಂಪಾದಿಸಿದ್ದಾನೆ. ಮೊಳಕೈಯಿಂದ ಮಣಿಕಟ್ಟಿನವರೆಗೆ ಹೊಲಿಗೆಯ ಗುರುತು ಕಂಡು ಕೇಳಿದೆ. ಬೈಕಿನಲ್ಲಿ ಹೋಗುವಾಗ ಕಣ್ಣು ಹತ್ತಿ ಬಿದ್ದನಂತೆ. ಆಮೇಲೆ ನಗುತ್ತ, "ನೀವಿಟ್ಟ ಹೆಸರೇ ಮೇಷ್ಟ್ರೇ, ಇವತ್ತಿಗೂ ಮಂಡಿಯಲ್ಲಿ ಅದೇ ನಡೀತಿದೆ. ನನ್ನ ಮಗನನ್ನೂ ಕುಂಭಕರ್ಣನ ಮಗ ಅಂತಾರೆ" ಎಂದ. ಅವನ ಮಾತಿನಲ್ಲಿ ಮುನಿಸಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ನನ್ನ ಚೀಲದಿಂದ ನೀಲಿ ಡಬ್ಬಿ ತೆಗೆದು ತೋರಿಸಿದೆ, ಈ ಕಥೆಯನ್ನೆಲ್ಲ ಹೇಳಿದೆ. ಅವನ ಬಸ್ಸು ಬಂದು ಹೋಯಿತು, ಅವನು ಏಳಲಿಲ್ಲ. ಕೊನೆಗೆ, "ಹಾಗಾದರೆ ನಾನು ಸೋಮಾರಿಯಾಗಿರಲಿಲ್ಲವೇ ಸಾರ್?" ಎಂದು ಕೇಳಿದ. ಪರೀಕ್ಷೆ ಮಾಡಿಸದೆ ಯಾರೂ ಕಾಯಿಲೆಯ ಹೆಸರು ಹೇಳಲಾಗದು, ನಾನು ವೈದ್ಯನೂ ಅಲ್ಲ. ಆದರೆ ಅವನ ಪ್ರಶ್ನೆಗೆ ಉತ್ತರಿಸಲು ವೈದ್ಯನಾಗಬೇಕಿರಲಿಲ್ಲ. "ಇರಲಿಲ್ಲಪ್ಪ, ನೋಡಲು ಬಾರದವನು ನಾನು" ಎಂದೆ. ನಿದ್ರಾಪರೀಕ್ಷೆಗೆ ಅವನನ್ನು ನಾನೇ ಕರೆದುಕೊಂಡು ಹೋದೆ. ಅದರ ಫಲಿತಾಂಶ ಅವನ ಸ್ವಂತ ವಿಷಯ, ಇಲ್ಲಿ ಬರೆಯುವುದಿಲ್ಲ.

ಆ ತರಗತಿಯಲ್ಲಿ ಅಂದು ನಕ್ಕವರು ಇದನ್ನು ಓದುತ್ತಿದ್ದರೆ ನನ್ನದೊಂದು ಬೇಡಿಕೆ. ಅವನನ್ನು ಇನ್ನು ಮುಂದೆ ಅವನ ತಂದೆತಾಯಿ ಇಟ್ಟ ಹೆಸರಿನಿಂದಲೇ ಕರೆಯಿರಿ. ಆ ಇನ್ನೊಂದು ಹೆಸರನ್ನು ಇಟ್ಟವನು ನಾನು, ಹಿಂತೆಗೆದುಕೊಳ್ಳುವ ಹಕ್ಕೂ ನನಗಿದೆ. ನಿಮ್ಮಲ್ಲಿ ಶಿಕ್ಷಕರಾದವರು, ಮಂಕಾದ ಮಗುವನ್ನು ಬೆಂಚಿನ ಮೇಲೆ ನಿಲ್ಲಿಸುವ ಮೊದಲು ಅದರ ಮನೆಯವರನ್ನು ಒಂದು ಮಾತು ಕೇಳಿ. ಮನೆಯಲ್ಲಿ ಗೊರಕೆ ಹೊಡೆಯುವ ಹಿರಿಯರಿದ್ದರೆ ನಗುವುದನ್ನು ಬಿಟ್ಟು, ನಡುವೆ ಸದ್ದು ನಿಲ್ಲುತ್ತದೆಯೇ ಎಂದು ಒಂದು ರಾತ್ರಿ ಕಿವಿಗೊಡಿ. ನಮ್ಮ ತಾಯಿ ಅಷ್ಟು ವರ್ಷ ಕಿವಿಗೊಟ್ಟಿದ್ದಳು. ಆಕೆಯನ್ನು ಕೇಳುವವರು ಮಾತ್ರ ಇರಲಿಲ್ಲ.

ಎಲ್ಲರಿಗೂ ಸುಖನಿದ್ರೆ ಲಭಿಸಲಿ.